ಕಾಫಿಪುಡಿ ಮಾವ ಮತ್ತು ಒಂದು ಹನಿ ತುಪ್ಪ

ಮಾವನ ಬಲಗೈಯ ಹೆಬ್ಬೆರಳೂ ತೋರುಬೆರಳೂ ಕಂದು ಬಣ್ಣಕ್ಕೆ ತಿರುಗಿಬಿಟ್ಟಿದ್ದವು. ಎಷ್ಟು ಸೋಪು ಹಾಕಿ ತಿಕ್ಕಿದರೂ ಉಗುರಿನ ಸಂದಿಯಲ್ಲಿ ಕಾಫಿಪುಡಿ ಉಳಿದೇ ಇರುತ್ತಿತ್ತು. ಆ ಎರಡು ಬೆರಳುಗಳ ನಡುವೆ ದೋಸೆಯ ಚೂರನ್ನೋ ಚಟ್ನಿಯ ಹನಿಯನ್ನೋ ಹಿಡಿದು ಮೆಲ್ಲಗೆ ಉಜ್ಜಿ, ಮೂಗಿನ ಹತ್ತಿರ ತಂದು, ಕಣ್ಣು ಮುಚ್ಚಿ ಮೂಸುತ್ತಿದ್ದ. ಅವನು ಕಣ್ಣು ತೆರೆಯುವ ತನಕ ನಾನು ಉಸಿರು ಬಿಗಿಹಿಡಿದು ಕೂತಿರುತ್ತಿದ್ದೆ. ಆ ಬೆರಳುಗಳನ್ನು ನಂಬಿ ನಾನು ದೊಡ್ಡವಳಾದೆ.

ನನಗೆ ಹಾಲು ಆಗುವುದಿಲ್ಲ. ಹೀಗೆಂದರೆ ಜನ "ನಂಗೂ ಹಾಲು ಕುಡಿದ್ರೆ ಹೊಟ್ಟೆ ಉಬ್ಬರಿಸ್ತದೆ" ಎಂದು ತಮ್ಮ ಹೊಟ್ಟೆಯ ಕತೆ ಶುರು ಮಾಡುತ್ತಾರೆ. ನನ್ನದು ಹೊಟ್ಟೆಯ ಕತೆಯಲ್ಲ. ಹಾಲು, ಮೊಸರು, ಮಜ್ಜಿಗೆ, ಬೆಣ್ಣೆ, ತುಪ್ಪ ಯಾವುದು ನಾಲಿಗೆಗೆ ತಾಗಿದರೂ ತುಟಿ ಊದಿ, ಗಂಟಲು ಮುಚ್ಚಿ, ಉಸಿರು ನಿಲ್ಲುತ್ತದೆ. ತೀರಾ ಚಿಕ್ಕವಳಿದ್ದಾಗ ಒಮ್ಮೆ ಹಾಗೇ ಆಗಿ ಬದುಕಿದ್ದೇ ಹೆಚ್ಚಾಗಿತ್ತಂತೆ. ಶಿರಸಿಯ ಡಾಕ್ಟರು ಅಪ್ಪನಿಗೆ, "ಇನ್ನೊಂದ್ಸಲ ಹೀಗಾಗಿ ನನ್ನ ಹತ್ರ ತರೋದು ತಡ ಆದ್ರೆ, ಆಮೇಲೆ ತರೋದೇ ಬೇಡ" ಎಂದಿದ್ದರು. ಅಪ್ಪ ಆ ಮಾತನ್ನು ಹೇಳುವಾಗಲೆಲ್ಲ ದನಿ ಇಳಿಸುತ್ತಿದ್ದ. ನಾನು ಬಾಗಿಲ ಹಿಂದೆ ನಿಂತು ಕೇಳಿಸಿಕೊಂಡು, ಹಾಸಿಗೆಯಲ್ಲಿ ನನ್ನ ಗಂಟಲನ್ನು ನಾನೇ ಮುಟ್ಟಿ ನೋಡಿಕೊಳ್ಳುತ್ತಿದ್ದೆ.

ನಮ್ಮ ಕಡೆ ತುಪ್ಪವನ್ನು ಯಾರೂ ಹಾಲಿನ ಲೆಕ್ಕಕ್ಕೆ ಹಿಡಿಯುವುದಿಲ್ಲ. ಅದು ಪ್ರೀತಿಯ ಲೆಕ್ಕ. ಎಲೆಯ ಮೇಲೆ ಮೊದಲು ತುಪ್ಪದ ಹನಿ ಬೀಳದೆ ಊಟ ಶುರುವೇ ಆಗದು. ಬನ್ಸಿಗೆ ಮೊಸರು, ಗೋಳಿಬಜೆಗೆ ಹುಳಿ ಮಜ್ಜಿಗೆ. ಚಟ್ನಿ ಗಟ್ಟಿಯಾದರೆ ಅದಕ್ಕೂ ಒಂದು ಸೌಟು ಮಜ್ಜಿಗೆ ಸುರಿದುಬಿಡುತ್ತಾರೆ. ಹಾಗಾಗಿ ಅಮ್ಮ ನನ್ನನ್ನು ಮನೆಯಿಂದ ಹೊರಗೆ ಉಣ್ಣಲು ಬಿಡುತ್ತಲೇ ಇರಲಿಲ್ಲ. ಮದುವೆ ಮುಂಜಿಗೆ ಹೋದರೆ ನನಗೆ ಡಬ್ಬಿಯಲ್ಲಿ ಚಿತ್ರಾನ್ನ. ಎಲ್ಲರೂ ಪಂಕ್ತಿಯಲ್ಲಿ ಕೂತಾಗ ನಾನು ಒಳಗಿನ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ತಿನ್ನಬೇಕು. ಬಡಿಸುವವರ ಕೈಯ ಸೌಟು ಕಂಡರೆ ನನಗೆ ಬೆವರು ಬರುತ್ತಿತ್ತು.

ಮಾವ ಅಮ್ಮನ ತಮ್ಮ. ಶಿರಸಿಯಲ್ಲಿ ಕಾಫಿಬೀಜ ಹುರಿದು ಪುಡಿ ಮಾಡಿ, ಸ್ಕೂಟರಿನ ಹಿಂದೆ ಕಟ್ಟಿಕೊಂಡು ಶಿರಸಿ, ಸಿದ್ದಾಪುರ, ಯಲ್ಲಾಪುರದ ಹೋಟೆಲುಗಳಿಗೆ ಹಾಕುತ್ತಿದ್ದ. ಹೋಟೆಲುಗಳಿಗೆ ಅವನು ಹೋಗುತ್ತಿದ್ದುದು ಹಿತ್ತಿಲ ಬಾಗಿಲಿನಿಂದ. ಯಾರ ದೋಸೆ ಹಿಟ್ಟಿಗೆ ಏನು ಬೀಳುತ್ತದೆ, ಯಾರು ಕಾವಲಿಗೆ ಎಣ್ಣೆ ಸವರುತ್ತಾರೆ, ಯಾರು ಬೆಣ್ಣೆ ಸವರುತ್ತಾರೆ ಎಲ್ಲ ಗೊತ್ತಿತ್ತು. ನಮ್ಮ ಮನೆಗೆ ಬರುವಾಗ ಜಗಲಿಯ ನಳದಲ್ಲಿ ಕೈ ತೊಳೆದು, ಬಾಯಿ ಮುಕ್ಕಳಿಸಿಯೇ ನನ್ನನ್ನು ಹತ್ತಿರ ಕರೆಯುತ್ತಿದ್ದ. ಹೋಟೆಲಿನವರ ಹಾಲು ಹಾಕಿದ ಕಾಫಿ ಕುಡಿದು ಬಂದಿರುತ್ತಿದ್ದನಲ್ಲ, ಅದಕ್ಕೆ.

ತೊಂಬತ್ತರ ದಶಕದ ಮೊದಲ ವರ್ಷಗಳು. ನಾನು ಹೈಸ್ಕೂಲಿಗೆ ಸೇರಿದ್ದೆ. ಒಂದು ದಿನ ಅವನು ಅಮ್ಮನಿಗೆ, "ಅಕ್ಕಾ, ಈ ಕೂಸಿನ ಹೋಟ್ಲಿಗೆ ಕರ್ಕಂಡು ಹೋಗ್ತೆ" ಎಂದ.

"ನಿಂಗೆ ತಲೆ ಸಮಾ ಇದ್ದಾ?" ಎಂದಳು ಅಮ್ಮ.

"ನಾಳೆ ಕಾಲೇಜು, ನೌಕರಿ ಹೇಳಿ ಹೊರಗೆ ಹೋಪದೇ ಅಲ್ದಾ? ಆವಾಗ ನೀನು ಡಬ್ಬಿ ಹಿಡ್ಕಂಡು ಹಿಂದೆ ಹೋಗ್ತ್ಯಾ?"

ಕೊನೆಗೆ ಅಮ್ಮ ಹ್ಞೂಂ ಎಂದಳು. ನನಗೆ ಹೋಗಬೇಕೆಂಬ ಆಸೆಗಿಂತ ಹೆದರಿಕೆಯೇ ಹೆಚ್ಚಿತ್ತು. ಆದರೆ ಜೀವಮಾನವೆಲ್ಲ ಒಳಗಿನ ಕೋಣೆಯಲ್ಲಿ ಚಿತ್ರಾನ್ನ ತಿನ್ನುವುದನ್ನು ನೆನೆಸಿಕೊಂಡರೆ ಅದೂ ಹೆದರಿಕೆಯೇ ಆಗುತ್ತಿತ್ತು.

ಮಾವನ ಕ್ರಮ ಬೇರೆಯದೇ. ಹೋಟೆಲಿಗೆ ಹೋದ ಕೂಡಲೇ ನನ್ನನ್ನು ಬೆಂಚಿನ ಮೇಲೆ ಕೂರಿಸಿ, "ಡಾಕ್ಟ್ರು ಇದ್ರಾ ನೋಡ್ಕಂಡು ಬತ್ತೆ, ಇಲ್ಲೇ ಕೂತ್ಕ" ಎಂದು ಹೊರಡುತ್ತಿದ್ದ. ಡಾಕ್ಟರರ ಶಾಪು ಹತ್ತಿರ ಇರುವ ಹೋಟೆಲಿಗೆ ಮಾತ್ರ ನಾವು ಹೋಗುತ್ತಿದ್ದುದು. ಬೇರೆಯವರು ಹೋಟೆಲು ಆರಿಸುವುದು ರುಚಿ ನೋಡಿ. ನಾವು ಡಾಕ್ಟರರ ಬಾಗಿಲು ನೋಡಿ. ಸಿದ್ದಾಪುರದಲ್ಲಿ ಒಮ್ಮೆ ಬಿಸಿ ಬಿಸಿ ಕೊಟ್ಟೆ ಕಡುಬು ಎದುರಿಗೆ ಬಂದು ಕೂತಿತ್ತು. ಮಾವ ಓಡಿಬಂದು, "ಏಳು ಏಳು, ಡಾಕ್ಟ್ರು ಯಾರ್ದೋ ಮದ್ವೆಗೆ ಹೋಯ್ದ್ರಡ" ಎಂದು ನನ್ನನ್ನು ಎಬ್ಬಿಸಿಕೊಂಡು ಹೊರಟೇಬಿಟ್ಟ. ಹೋಟೆಲಿನವರು ಕಡುಬಿನಲ್ಲಿ ಏನು ಕಂಡರೋ ಎಂದು ಬೆಪ್ಪಾಗಿ ನೋಡಿದರು.

ಡಾಕ್ಟರು ಇದ್ದರೆ ಮುಂದಿನ ಕೆಲಸ. ಅಡುಗೆಮನೆಗೆ ಹೋಗಿ ಪಾತ್ರೆಯಿಂದಲೇ ಚೂರು ತಂದು ಉಜ್ಜಿ ಮೂಸುವುದು. ಅದು ಪಾಸಾದರೆ ನನ್ನ ತುಟಿಗೆ ಒಂದಿಷ್ಟು ತಾಗಿಸಿ ಕಾಯುವುದು. ಆಮೇಲೆ ನಾಲಿಗೆಗೆ ಒಂದು ಅಗಳು, ಮತ್ತೆ ಕಾಯುವುದು. ಕಾಯುವಾಗ ಬಾಯಿಗೆ ಬಂದದ್ದನ್ನು ಮಾತಾಡುತ್ತಿದ್ದ. ಗುಡ್ನಾಪುರದ ಕೆರೆಯಲ್ಲಿ ತಾನು ಈಜಿದ ಕತೆಯನ್ನು ಹೇಳುತ್ತ ಹೇಳುತ್ತ ಕೆರೆಯನ್ನು ಸಮುದ್ರ ಮಾಡಿದ್ದ. ನಡುನಡುವೆ, "ನಾಲಿಗೆ ತುರಸ್ತಾ? ಗಂಟ್ಲು?" ಎಂದು ಕೇಳುತ್ತಿದ್ದ. ಅವನ ಅಂಗಿಯ ಕಂಕುಳು ನೆನೆದು ಹೋಗಿರುತ್ತಿತ್ತು. ಒಮ್ಮೆ ನಾನು ಅದನ್ನೇ ನೋಡುತ್ತಿರುವುದು ಗೊತ್ತಾಗಿ, "ಎಂಗೂ ಹೆದ್ರಿಕೆ ಆಗ್ತು ಕೂಸೆ. ಎಂತ, ನಿಂಗೊಬ್ಳಿಗೇ ಅಂದ್ಕಂಡ್ಯಾ?" ಎಂದ. ಅವತ್ತಿನಿಂದ ನನ್ನ ಹೆದರಿಕೆಗೆ ಒಂದು ಜೊತೆ ಸಿಕ್ಕಿತು.

ಹೀಗೆ ಹೆದರುತ್ತ ಹೆದರುತ್ತಲೇ ನಾನು ಏನೇನೋ ತಿಂದೆ. ಶಿರಸಿ ಬಸ್‌ಸ್ಟ್ಯಾಂಡಿನ ಹತ್ತಿರದ ಹೋಟೆಲಿನಲ್ಲಿ ಇಡ್ಲಿ, ಸಾಂಬಾರು. ಸಿದ್ದಾಪುರದಲ್ಲಿ ಕೊನೆಗೂ ಆ ಕೊಟ್ಟೆ ಕಡುಬು. ಕಾಯಿತುರಿ ಹಾಕಿದ ಅವಲಕ್ಕಿ. ತುಪ್ಪ ಸವರದೆ ಮಡಚಿಕೊಟ್ಟ, ಕಾಗದದಷ್ಟು ತೆಳ್ಳಗಿನ ಸಿಹಿ ತೊಡದೇವು, ತೆಂಗಿನೆಣ್ಣೆಯಲ್ಲಿ ಮಗುಚಿದ ಬಾಳೆಹಣ್ಣಿನ ಹಲ್ವ. ಹಲ್ವ ಎಂದರೆ ಏನೆಂದು ಗೊತ್ತಾದಾಗ ನನಗೆ ಹದಿಮೂರೋ ಹದಿನಾಲ್ಕೋ ವರ್ಷ. ಅದನ್ನು ನಾಲಿಗೆಯ ಮೇಲಿಟ್ಟುಕೊಂಡು, ಇದು ಸಿಹಿಯೋ ಅಥವಾ ಸಾಯುವ ಮೊದಲಿನ ರುಚಿಯೋ ಎಂದು ತಿಳಿಯದೆ ಅತ್ತುಬಿಟ್ಟಿದ್ದೆ.

ಯಲ್ಲಾಪುರದಲ್ಲಿ ಒಬ್ಬ ವಯಸ್ಸಾದ ಹೆಂಗಸು ಹೋಟೆಲು ನಡೆಸುತ್ತಿದ್ದಳು. ಮಾವನ ಹಳೆಯ ಗಿರಾಕಿ. ನನ್ನ ವಿಷಯ ಕೇಳಿ ಅವಳಿಗೆ ಕರುಳು ಚುರಕ್ಕೆಂದು, ಕಾಯಿಹಾಲಿನ ಪಾಯಸ ಮಾಡಿಡುತ್ತೇನೆ, ಕರೆದುಕೊಂಡು ಬಾ ಎಂದಿದ್ದಳಂತೆ. ಹೋದೆವು. ಡಾಕ್ಟರು ರಸ್ತೆಯ ಆಚೆ ಬದಿಗೇ ಇದ್ದರು. ಮಾವ ಒಳಗೆ ಹೋಗಿ ಪಾತ್ರೆಯ ಪಾಯಸವನ್ನು ಉಜ್ಜಿ ಮೂಸಿದ. ತುಟಿಗೆ ತಾಗಿಸಿದ. ನಾಲಿಗೆಗೆ ಹಾಕಿದ. ಏನೂ ಆಗಲಿಲ್ಲ. "ಅಡ್ಡಿಲ್ಲೆ" ಎಂದ. ಆಮೇಲೆ ಆ ಹೆಂಗಸು ಒಳಗಿನಿಂದ ನನಗೆಂದು ಬಟ್ಟಲು ತುಂಬಿಸಿ ತಂದಳು. ಅವತ್ತು ನಾನು ಎಂದೂ ಇಲ್ಲದ ಧೈರ್ಯದಲ್ಲಿ ದೊಡ್ಡ ಚಮಚ ಬಾಯಿಗಿಟ್ಟೆ.

ಮೊದಲು ತುರಿಕೆ. ಆಮೇಲೆ ಕಿವಿಯೊಳಗೆ ಬಿಸಿ. "ಮಾವ" ಎನ್ನಲು ಹೋದರೆ ಮಾ ಅಷ್ಟೇ ಬಂತು. ಉಳಿದದ್ದು ಗಂಟಲಲ್ಲೇ ಸಿಕ್ಕಿಕೊಂಡಿತು. ಗಾಳಿ ಎದುರಿಗೇ ಇದೆ, ಒಳಗೆ ಬರುತ್ತಿಲ್ಲ. ಸಾಯುತ್ತಿದ್ದೇನೆ ಎಂದು ಅಷ್ಟು ಸ್ಪಷ್ಟವಾಗಿ ನನಗೆ ಗೊತ್ತಾದದ್ದು ಆಗಲೇ. ಮಾವ ನನ್ನನ್ನು ಎತ್ತಿಕೊಂಡು ರಸ್ತೆ ದಾಟಿದ್ದು, ಯಾವುದೋ ಲಾರಿ ಕಿರ್ರೆಂದು ನಿಂತದ್ದು, ಅವನ ಅಂಗಿಯ ಕಾಫಿ ವಾಸನೆ, ಇಷ್ಟು ನೆನಪಿದೆ. ಇಂಜೆಕ್ಷನ್ ಚುಚ್ಚಿದ್ದು ನೆನಪಿಲ್ಲ.

ಕಣ್ಣು ಬಿಟ್ಟಾಗ ಆ ಹೆಂಗಸು ಬಾಗಿಲಲ್ಲಿ ನಿಂತು ಸೆರಗು ಕಚ್ಚಿಕೊಂಡು ಅಳುತ್ತಿದ್ದಳು. "ಒಂದೇ ಹನಿ ಹಾಕಿದ್ದೆ. ಬರೀ ಪಾಯಸ ಮಗುವಿಗೆ ಹ್ಯಾಂಗೆ ಕೊಡೋದು ಅಂತ ಮೇಲಿಂದ ಒಂದೇ ಹನಿ ತುಪ್ಪ" ಎನ್ನುತ್ತಿದ್ದಳು. ಪಾತ್ರೆಯಲ್ಲಿ ಇಲ್ಲದ್ದು ಬಟ್ಟಲಿಗೆ ಬಂದಿತ್ತು. ಮಾವ ಅವಳನ್ನು ಬೈಯಲಿಲ್ಲ. ಬೈಯಲು ಅವನಿಗೆ ಶಕ್ತಿಯೇ ಇರಲಿಲ್ಲ. ಗೋಡೆಗೆ ಒರಗಿ, ತನ್ನ ಎರಡೂ ಕೈಗಳ ಮೇಲೆ ಕೂತಿದ್ದ.

ಸ್ಕೂಟರನ್ನು ಅಲ್ಲೇ ಬಿಟ್ಟು ಬಸ್ಸಿನಲ್ಲಿ ಬಂದೆವು. ದಾರಿಯಲ್ಲಿ ಒಂದೇ ಮಾತು ಹೇಳಿದ. "ಪಾತ್ರೆ ಹತ್ರ ಕೇಳಿರೆ ಸಾಲ್ತಿಲ್ಲೆ. ಎಲೆಗೆ ಬಿದ್ದ ಮೇಲೂ ಕೇಳು. ಆನು ಕೇಳದಲ್ಲ, ನೀನೇ ಕೇಳು."

ಮನೆಯಲ್ಲಿ ಏನಾಯಿತೆಂದು ಹೇಳುವುದು ಬೇಡ. ಅಮ್ಮ ಒಡಹುಟ್ಟಿದವನಿಗೆ ಆಡಬಾರದ ಮಾತು ಆಡಿದಳು. ಮಾವ ತಲೆ ತಗ್ಗಿಸಿ ಕೇಳಿಸಿಕೊಂಡು ಹೋದವನು ಆ ಮಳೆಗಾಲವೆಲ್ಲ ನಮ್ಮ ಮನೆ ಕಡೆ ಬರಲಿಲ್ಲ. ನಾನು ಮತ್ತೆ ಡಬ್ಬಿಗೆ ಬಂದೆ. ಮನೆಯ ಅಡುಗೆಗೂ ಹೆದರತೊಡಗಿದೆ. ಅಮ್ಮ ಬಡಿಸಿದ ಅನ್ನವನ್ನೂ ಬೆರಳಲ್ಲಿ ಉಜ್ಜಿ ಮೂಸುತ್ತಿದ್ದೆ. ಅಮ್ಮ ಅದನ್ನು ಕಂಡು ಎದ್ದು ಹಿತ್ತಿಲಿಗೆ ಹೋಗುತ್ತಿದ್ದಳು. ಹೀಗೇ ಆದರೆ ನಾನು ಉಸಿರು ಕಟ್ಟಿ ಸಾಯುವ ಮೊದಲು ಹಸಿದೇ ಸಾಯುತ್ತೇನೆ ಅನ್ನಿಸಿತು.

ಒಂದು ಮಧ್ಯಾಹ್ನ ಶಾಲೆ ಬಿಟ್ಟವಳು ಸೀದಾ ಮಾವನ ಅಂಗಡಿಗೆ ಹೋದೆ. ಬೀಜ ಹುರಿಯುತ್ತಿದ್ದ. ನನ್ನನ್ನು ಕಂಡು ಎದ್ದು ನಿಂತ.

"ಮಾವ, ಯಲ್ಲಾಪುರಕ್ಕೆ ಹೋಪನ."

"ಎಂಗೆ ಧೈರ್ಯ ಇಲ್ಲೆ ಕೂಸೆ."

"ಎಂಗೂ ಇಲ್ಲೆ. ಆನೇ ಕೇಳ್ತೆ."

ಬಹಳ ಹೊತ್ತು ಬೀಜ ಮಗುಚುತ್ತಲೇ ಇದ್ದ. ಆ ಸಲದ ಬೀಜ ಕರಟಿಹೋಯಿತು. ಅಮ್ಮನನ್ನು ಒಪ್ಪಿಸಲು ಅವನು ಬರಲಿಲ್ಲ. ಅದನ್ನೂ ನಾನೇ ಮಾಡಬೇಕಾಯಿತು. ಅಮ್ಮ ಒಪ್ಪಲಿಲ್ಲ, ಆದರೆ ಬಾಗಿಲಿಗೆ ಅಡ್ಡ ನಿಲ್ಲಲೂ ಇಲ್ಲ.

ಯಲ್ಲಾಪುರದ ಆ ಹೆಂಗಸು ನಮ್ಮನ್ನು ಕಂಡು ಬಿಳಿಚಿಕೊಂಡಳು. "ಬೇಡ ಮಗಾ, ನನ್ನ ಕೈಯಿಂದ ಬೇಡ" ಎಂದಳು. ಹೊಸ ಪಾತ್ರೆ ಕೊಂಡು, ಒಲೆಯ ಹತ್ತಿರ ನಿಂತು ಪಾಯಸ ಮಾಡಿಸಿದ್ದಾಯಿತು. ಡಾಕ್ಟರು ಇದ್ದಾರೆಂದು ಮಾವ ಹೋಗಿ ಎರಡೆರಡು ಸಲ ನೋಡಿ ಬಂದ. ಬಟ್ಟಲು ನನ್ನ ಮುಂದೆ ಬಂತು. ಹೋಟೆಲಿನಲ್ಲಿ ಜನ ಇದ್ದರು. "ಇದಕ್ಕೆ..." ಎಂದೆ. ಮುಂದೆ ಹೊರಡಲಿಲ್ಲ. ಮಾವ ಸಹಾಯಕ್ಕೆ ಬರಲಿಲ್ಲ, ಗೋಡೆಯ ಕ್ಯಾಲೆಂಡರ್ ನೋಡುತ್ತ ಕೂತ. "ಇದಕ್ಕೆ ಮೇಲಿಂದ ಏನಾದ್ರೂ ಹಾಕಿದ್ರಾ?" ಎಂದು ಕೊನೆಗೂ ಕೇಳಿದೆ. "ಇಲ್ಲ ಮಗಾ" ಎಂದಳು ಅವಳು. ತಿಂದೆ. ಬಟ್ಟಲು ಖಾಲಿ ಮಾಡಿಯೇ ಎದ್ದೆ.

ಆಮೇಲೆ ನಾನು ಓದಿ, ಸಿದ್ದಾಪುರದಲ್ಲಿ ಟೀಚರಾದೆ. ದಿನಾ ಸಂಜೆ ಮಾವನ ಫೋನು ಬರುತ್ತಿತ್ತು. ನಮಸ್ಕಾರವಿಲ್ಲ, ಹೇಗಿದ್ದೀಯ ಇಲ್ಲ. "ಕೇಳಿದ್ಯಾ?" ಎನ್ನುತ್ತಿದ್ದ. "ಕೇಳಿದ್ದೆ ಮಾವ" ಎಂದರೆ ಇಟ್ಟುಬಿಡುತ್ತಿದ್ದ. ಎರಡು ಸಾವಿರದ ಈಚೆಗೆ ಮಾಗೋಡು ಜಲಪಾತ ನೋಡಲು ಬಂದ ವಿದೇಶಿ ಜೋಡಿಯೊಂದು ಅದೇ ಯಲ್ಲಾಪುರದ ಹೋಟೆಲಿನಲ್ಲಿ ಹಾಲು ತುಪ್ಪ ಇಲ್ಲದ್ದು ಬೇಕು, ನಾವು ವೀಗನ್ ಎಂದರಂತೆ. ಹೋಟೆಲಿನಾಕೆ ನನ್ನ ಪಾಯಸವನ್ನೇ ಮಾಡಿಕೊಟ್ಟಳಂತೆ. ಅವತ್ತು ಮಾತ್ರ ಮಾವನ ಫೋನು ಉದ್ದವಾಯಿತು. "ಹೆಸ್ರು ಬಂತಲೇ ಕೂಸೆ ನಿನ್ನ ಊಟಕ್ಕೆ! ಅವು ಹಾಲು ಬಿಟ್ಟಿದ್ದು ಇಷ್ಟಪಟ್ಟಡ. ನಾವು ಹೆದ್ರಿ ಬಿಟ್ಟವು" ಎಂದು ನಕ್ಕ. ನಾನೂ ನಕ್ಕೆ. ಇಷ್ಟಪಟ್ಟು ಬಿಡುವುದು ಹೇಗಿರಬಹುದೆಂದು ನನಗೆ ಈಗಲೂ ಊಹೆಗೆ ಸಿಗುವುದಿಲ್ಲ.

ಕೊನೆಯ ಕಾಲದಲ್ಲಿ ಮಾವನಿಗೆ ಅನ್ನನಾಳದ ಕಾಯಿಲೆ ಬಂತು. ನುಂಗಲು ಆಗುತ್ತಿರಲಿಲ್ಲ. ನೋಡಲು ಹೋದರೆ ನನ್ನ ಕೈ ಹಿಡಿದುಕೊಂಡು, "ಗಂಟ್ಲು ಮುಚ್ಚದು ಅಂದ್ರೆ ಎಂತ ಹೇಳಿ ಈಗ ಗೊತ್ತಾತು" ಎಂದ. ಅವನ ಕಣ್ಣಿನಲ್ಲಿ ಹೆದರಿಕೆ ಇತ್ತು. ಹೆದರಬೇಡ ಎಂದು ನಾನು ಹೇಳಲಿಲ್ಲ. ಅವನೂ ನನಗೆ ಎಂದೂ ಹಾಗೆ ಹೇಳಿದವನಲ್ಲ. "ಎಂಗೂ ಹೆದ್ರಿಕೆ ಆಗ್ತು ಮಾವ" ಎಂದೆ. ಕೈ ಬಿಡಲಿಲ್ಲ.

ಅವನು ಹೋದ. ವೈಕುಂಠ ಸಮಾರಾಧನೆಯ ದಿನ ನಾನು ರೂಢಿಯಂತೆ ಡಬ್ಬಿ ಹಿಡಿದುಕೊಂಡು ಒಳಗಿನ ಕೋಣೆಗೆ ಹೊರಟಿದ್ದೆ. ಅತ್ತೆ, ಎಂದರೆ ಮಾವನ ಹೆಂಡತಿ, ಬಂದು ಡಬ್ಬಿ ಕಸಿದುಕೊಂಡಳು. "ಪಂಕ್ತಿಗೆ ಬಾ. ಇವತ್ತು ನಿನ್ನ ಎಲೆ ಎಲ್ಲರ ಜೊತಿಗೆ."

"ಅತ್ತೆ, ತುಪ್ಪ..."

"ಅಡುಗೆಗೆ ತುಪ್ಪ ಬೇಡ ಹೇಳಿ ನಿನ್ನ ಮಾವ ಹೇಳಿಕ್ಕೇ ಹೋಯ್ದ್ರು" ಎಂದಳು.

ಪುರೋಹಿತರು ಇದೆಂಥ ಊಟ ಎಂದು ಗೊಣಗಿದ್ದರಂತೆ. ಹೋಮಕ್ಕೆ ತುಪ್ಪ ಎಷ್ಟು ಬೇಕೋ ಸುರಿಯಿರಿ, ಹಾಲಿನದ್ದು ಯಾವುದನ್ನೂ ಅಡುಗೆಮನೆಯ ಹೊಸ್ತಿಲು ದಾಟಿಸಬೇಡಿ ಎಂದಿದ್ದಳಂತೆ ಅತ್ತೆ. ನಾನು ಅಮ್ಮನ ಪಕ್ಕ ಕೂತೆ. ಹುಟ್ಟಿದ ಮೇಲೆ ಮೊದಲ ಸಲ ಪಂಕ್ತಿಯಲ್ಲಿ. ಅನ್ನ ಬಂತು, ಸಾರು ಬಂತು, ಕಾಯಿಹಾಲಿನ ಪಾಯಸ ಬಂತು. ಸೌಟು ನನ್ನ ಎಲೆಯ ಮೇಲೆ ಬಗ್ಗಿದಾಗ ಹಳೆಯ ಬೆವರು ಬಂತು. ಎದುರು ಸಾಲಿನ ಹಿರಿಯರೆಲ್ಲ ಊಟ ಶುರು ಮಾಡಲು ಕೂತಿದ್ದರು. ಕೇಳಿದರೆ ಅತ್ತೆಯ ಮಾತನ್ನು ನಂಬಲಿಲ್ಲ ಎಂದಾಗುವುದಿಲ್ಲವೇ ಅನ್ನಿಸಿತು. ಪಾಯಸವನ್ನು ಹೆಬ್ಬೆರಳು ತೋರುಬೆರಳ ನಡುವೆ ಹಿಡಿದು ಉಜ್ಜಿದೆ. ಕಾಯಿಯ ಜಿಡ್ಡು. ಬೇರೇನೂ ಇಲ್ಲ. ಆದರೂ ಹೆದರಿಕೆ ಹೋಗಲಿಲ್ಲ.

"ಇದಕ್ಕೆ ತುಪ್ಪ ಹಾಕಿದ್ರಾ?" ಎಂದು ಕೇಳಿದೆ. ಇಡೀ ಪಂಕ್ತಿಗೆ ಕೇಳಿಸಿತು.

ಬಡಿಸುತ್ತಿದ್ದವನು ನಗಲಿಲ್ಲ. "ಇಲ್ಲೆ ಅಕ್ಕಾ. ಇವತ್ತು ಯಾರ ಎಲೆಗೂ ಇಲ್ಲೆ" ಎಂದ.

ಅಮ್ಮ ತಲೆ ತಗ್ಗಿಸಿದಳು. ನಾನು ಉಂಡೆ. ಅವನು ಎರಡನೇ ಸಲ ಪಾಯಸ ತಂದ. ಎಲೆಗೆ ಬಿದ್ದ ಮೇಲೆ ಮತ್ತೆ ಕೇಳಿದೆ.