ಒತ್ತು ಬಿಟ್ಟ ದ್ವೀಪ

ಬೆಳಗ್ಗೆ ದೇವರಿಗೆ ದೀಪ ಹಚ್ಚಿ, ಆಮೇಲೆ ಟೈಪ್‌ರೈಟರಿನ ಮುಂದೆ ಒಂದು ಊದುಬತ್ತಿ ಹಚ್ಚುವುದನ್ನು ಮರ್ಫಿ ಟೌನಿನ ಸುಕನ್ಯ ಒಂದು ದಿನವೂ ತಪ್ಪಿಸಿದವಳಲ್ಲ. ಜ್ವರ ಬಂದಾಗಲೂ ಗೋಡೆ ಹಿಡಿದು ಎದ್ದು ಬಂದು ಹಚ್ಚಿದ್ದಾಳೆ.

೧೯೯೭ರಲ್ಲಿ ಇಂದಿರಾನಗರದ ಪ್ರೇಮ್‌ಕುಮಾರ್ ಮೇಷ್ಟ್ರು ತಮ್ಮ ಪಿಎಚ್.ಡಿ. ಪ್ರಬಂಧವನ್ನು ಟೈಪಿಗೆ ಕೊಟ್ಟರು. ವಿದ್ವಾಂಸರು ದ್ವೀಪಗಳನ್ನು ಹೇಗೆ ಕಂಡಿದ್ದಾರೆ ಎಂಬುದು ವಿಷಯ. ದ್ವೀಪವೆಂದರೆ ನೀರಿನ ಗೋಡೆಯೊಳಗಿನ ಒಂಟಿ ನೆಲ, ಅಲ್ಲಿ ಹಕ್ಕಿಯೂ ಮಾತೂ ತಮ್ಮಷ್ಟಕ್ಕೆ ತಾವು ಬೆಳೆಯುತ್ತವೆ ಎಂದು ಬರೆದಿದ್ದರು. ಸುಕನ್ಯ ಟೈಪ್ ಮಾಡಿ ಮುಗಿಸಿದಳು. ತಿಂಗಳ ಮೇಲೆ ಮೇಷ್ಟ್ರು ಬಂದು ಅಷ್ಟನ್ನೂ ಹೊಡೆದುಹಾಕಿದರು.

"ಈಗಿನೋರು ಹಾಗನ್ನಲ್ಲ ಸುಕನ್ಯಮ್ಮ. ಸಮುದ್ರ ಗೋಡೆಯಲ್ಲ, ದಾರಿ. ದೋಣೀಲಿ ಉಪ್ಪು, ತೆಂಗು, ಮದುವೆ ಸಂಬಂಧ ಎಲ್ಲಾ ಓಡಾಡ್ತಿತ್ತು. ದ್ವೀಪ ಒಂಟಿ ಅನ್ನೋದು ದಡದಲ್ಲಿ ನಿಂತು ನೋಡೋರ ಮಾತು."

"ಗೋಡೇನೋ ದಾರೀನೋ, ಒಂದು ತೀರ್ಮಾನ ಮಾಡ್ಕೊಂಡು ಬನ್ನಿ ಸಾರ್. ನನ್ನ ಬೆರಳು ಸವೀತಿದೆ."

ಮೂರನೆಯ ಸಲ, ಒಂದು ಕಾಲಕ್ಕೆ ದಾರಿ, ಇನ್ನೊಂದು ಕಾಲಕ್ಕೆ ಗೋಡೆ ಎಂದಾಯಿತು. ಮತ್ತೆ ಮೊದಲಿಂದ.

ಪ್ರಬಂಧ ಒಪ್ಪಿಸಬೇಕಾದ ಶುಕ್ರವಾರವೇ ಕೆ.ಆರ್. ಪುರದಲ್ಲಿ ತಂಗಿ ಶ್ವೇತಳ ಸೀಮಂತ. ತಾಯಿಯಿಲ್ಲದ ಹುಡುಗಿ. "ಹನ್ನೆರಡರೊಳಗೆ ಬಂದು ನೀನೇ ಮಡಿಲು ತುಂಬಬೇಕಕ್ಕ," ಎಂದು ನಾಲ್ಕು ಸಲ ಹೇಳಿದ್ದಳು. ಸುಕನ್ಯ ಗುರುವಾರವೇ ಕೆಲಸ ಮುಗಿಸಿ, ಮಡಿಲಕ್ಕಿಯ ಚೀಲ ಬಾಗಿಲ ಹತ್ತಿರ ಇಟ್ಟಿದ್ದಳು.

ಶುಕ್ರವಾರ ಎಂಟು ಗಂಟೆಗೆ ಮೇಷ್ಟ್ರು ಬಂದು ಕೊನೆಯ ಅಧ್ಯಾಯ ತೆರೆದರು.

"ಏನ್ರೀ ಇದು? ಹಿಂದೂ ಮಹಾಸಾಗರದ ದೀಪಗಳು ಅಂತಿದೆ! ದೀಪಗಳಲ್ಲಿ ಜನ ವಾಸ ಮಾಡ್ತಿದ್ರಂತೆ!"

ಕೊನೆಯ ಅಧ್ಯಾಯಕ್ಕೆ ಬರುವಷ್ಟರಲ್ಲಿ ಮೆಷಿನ್ನಿನ ವಕಾರದ ಒತ್ತಿನ ಅಚ್ಚು ಮುರಿದಿತ್ತು. ನಲವತ್ತು ಪುಟಗಳಲ್ಲಿ ಒಂದು ದ್ವೀಪವೂ ಉಳಿದಿರಲಿಲ್ಲ. ತಿದ್ದಿ ಓದುವಾಗಲೂ ಅವಳಿಗೆ ಗೊತ್ತಾಗಿರಲಿಲ್ಲ. ಬೆಳಗಾದರೆ ಕೈಯಾಡುವುದು ದೀಪದಲ್ಲೇ ಅಲ್ಲವೇ.

ಕಪ್ಪು ಇಂಕಿನ ಪೆನ್ನು ಹಿಡಿದು ಒಂದೊಂದು ದಕಾರದ ಕೆಳಗೂ ಒತ್ತು ಬರೆಯುತ್ತ ಕೂತಳು. ಮೇಷ್ಟ್ರು ತಲೆಯ ಮೇಲೆ ಬಗ್ಗಿ ನಿಂತು, "ಇಲ್ಲೊಂದು ಬಿಟ್ರಿ, ಅಲ್ಲೊಂದು" ಎನ್ನುತ್ತಿದ್ದರು. ಅವಸರದಲ್ಲಿ ಅವಳು ದೀಪಸ್ತಂಭಕ್ಕೂ ಒತ್ತು ಕೊಟ್ಟುಬಿಟ್ಟಳು.

"ಅಯ್ಯೋ, ಅದು ದೀಪಾನೇ ರೀ!"

ಬ್ಲೇಡಿನಿಂದ ಅದನ್ನು ಕೆರೆದದ್ದಾಯಿತು. ಕಡೆಯ ಒತ್ತು ಹಾಕಿದಾಗ ಹತ್ತೂಮುಕ್ಕಾಲು.

ಸೀಮಂತದ ವಿಷಯ ಅವಳು ಮೊದಲೇ ಹೇಳಿದ್ದಳು; ಮೇಷ್ಟ್ರಿಗೆ ನಾಚಿಕೆಯಾಯಿತು. "ನನ್ನಿಂದ ತಡ ಆಯ್ತು ನಿಮಗೆ. ಸ್ಕೂಟರಿದೆ, ಕೆ.ಆರ್. ಪುರಕ್ಕೆ ಬಿಟ್ಟುಬರ್ತೀನಿ ಬನ್ನಿ. ದಾರೀಲಿ ಆ ಎರಡನೇ ಅಧ್ಯಾಯದ ಬಗ್ಗೆ ಒಂದು ಸಣ್ಣ ಯೋಚನೆ ಹೇಳ್ತೀನಿ…"

ಸುಕನ್ಯ ಚೀಲ ಎತ್ತಿಕೊಂಡು ಚಪ್ಪಲಿ ಮೆಟ್ಟಿದಳು.

"ಬೇಡ ಸಾರ್. ಬಸ್ಸಿಗೆ ಹೋಗ್ತೀನಿ. ಅಲ್ಲಿ ನಿಂತ್ಕೊಂಡು ಹೋದ್ರೂ ಯಾರೂ ದ್ವೀಪದ ಮಾತೆತ್ತಲ್ಲ."