ಅಣ್ಣನ ದನಿಗೆ ಅತ್ತಿಗೆಯ ಹೊಲಿಗೆ

ನನ್ನ ಅತ್ತಿಗೆ ಬಟ್ಟೆಗೆ ಕತ್ತರಿ ಹಾಕುವ ಮೊದಲು ಒಂದು ಗಳಿಗೆ ಸುಮ್ಮನೆ ನಿಲ್ಲುತ್ತಾಳೆ. ಅದು ಪ್ರಾರ್ಥನೆ ಇರಬೇಕು ಎಂದು ನಾನು ಬಹುಕಾಲ ಅಂದುಕೊಂಡಿದ್ದೆ. ಒಮ್ಮೆ ಕೇಳಿಯೇಬಿಟ್ಟೆ.

"ದೇವರನ್ನ ನೆನೆಯೋಕೆ ನೀನಿದ್ದೀಯಲ್ಲ, ನಾನು ಅಳತೆ ನೆನೆಸ್ಕೊಳ್ತೀನಿ" ಎಂದಳು.

ಹೊಲಿಗೆ ಅವಳಿಗೆ ಯಾರೂ ಕಲಿಸಿದ್ದಲ್ಲ. ಹಳೆಯ ಬಟ್ಟೆ ಬಿಚ್ಚಿ, ಮತ್ತೆ ಜೋಡಿಸಿ ಕಲಿತದ್ದು. ಹಾಗಾಗಿ ಅವಳದೊಂದು ನಿಯಮ: ಹೊಸ ಅಳತೆಯ ಬಟ್ಟೆಯಾದರೆ ಮೊದಲು ಉದ್ದುದ್ದ ಕಚ್ಚಾ ಹೊಲಿಗೆ ಹಾಕಿ ತೊಡಿಸಿ ನೋಡಬೇಕು. ಸರಿಹೋದರೆ ಮಾತ್ರ ಮಷಿನ್ನಿಗೆ. "ಬಿಚ್ಚೋಕೆ ಬರೋದು ಮೊದಲು, ಬಾರದ್ದು ಆಮೇಲೆ" ಎನ್ನುತ್ತಾಳೆ. ಈ ನಿಯಮವನ್ನು ಅವಳು ಮುರಿದದ್ದು ಒಂದೇ ಸಲ, ಅದೂ ಬಟ್ಟೆಯ ವಿಷಯದಲ್ಲಲ್ಲ.

ಅಣ್ಣ ಬಸ್ ನಿಲ್ದಾಣದಲ್ಲಿ ಮೈಕಿನ ಮುಂದೆ ಕೂತು, ಯಾವ ಬಸ್ಸು ಎಲ್ಲಿ ನಿಂತಿದೆ, ಯಾವುದು ಹೊರಟಿದೆ ಎಂದು ಸಾರುತ್ತಿದ್ದವನು. ಅವನ ದನಿ ಕೇಳಿ ಜನ ಗಡಿಯಾರ ಸರಿಮಾಡಿಕೊಳ್ಳುತ್ತಿದ್ದರು. ಅತ್ತಿಗೆ ಮಧ್ಯಾಹ್ನ ಊಟ ತಂದಳೋ, ಇಡೀ ನಿಲ್ದಾಣಕ್ಕೆ ಕೇಳುವಂತೆ, "ಡಬ್ಬಿ ಹಿಡಿದು ನಿಂತಿರುವ ಪ್ರಯಾಣಿಕರು ದಯವಿಟ್ಟು ಒಳಗೆ ಬರಬೇಕು" ಎಂದು ಗಂಭೀರವಾಗಿ ಸಾರುತ್ತಿದ್ದ. ಅತ್ತಿಗೆ ಕೆಂಪಾಗಿ, ಸೆರಗಿನಲ್ಲಿ ಮುಖ ಮರೆಸಿ, ಡಬ್ಬಿಯನ್ನು ಅವನ ಮುಂದೆ ಕುಕ್ಕುತ್ತಿದ್ದಳು. ಆದರೆ ಬೇರೆಯವರ ಕೈಯಲ್ಲಿ ಒಂದು ದಿನವೂ ಡಬ್ಬಿ ಕಳಿಸಲಿಲ್ಲ.

ಆಮೇಲೆ ಅವನ ಗಂಟಲಿಗೆ ಕಾಯಿಲೆ ಬಂತು, ಶಸ್ತ್ರಚಿಕಿತ್ಸೆಯಾಯಿತು. ದೇವರು ಜೀವ ಉಳಿಸಿಕೊಟ್ಟ, ದನಿಯನ್ನು ಮಾತ್ರ ತನ್ನ ಬಳಿಯೇ ಇಟ್ಟುಕೊಂಡ. ನಾನು ಅದಕ್ಕೂ ಕೈಮುಗಿದೆ. ಅಣ್ಣ ಮೇಜನ್ನು ತಟ್ಟಿ ಕರೆಯುವುದನ್ನು ಕಲಿತ.

ನಿಲ್ದಾಣದ ಸೂಪರ್‌ವೈಸರ್ ಒಳ್ಳೆಯ ಮನುಷ್ಯ. ವಿಚಾರಣೆ ಕೌಂಟರಿನಲ್ಲಿ ಕೂರಿಸಿ ನೋಡೋಣ ಎಂದರು. ಲ್ಯಾಪ್‌ಟಾಪಿನಲ್ಲಿ ಬರೆದರೆ ಅದೇ ಓದಿ ಹೇಳುವ ಒಂದು ವ್ಯವಸ್ಥೆ ಇದೆಯಲ್ಲ, ಅದಕ್ಕೆಂದು ಅಂಗಡಿಯಲ್ಲಿದ್ದ ಅತಿ ಅಗ್ಗದ ಲ್ಯಾಪ್‌ಟಾಪ್ ಮನೆಗೆ ಬಂತು. ಅದೋ, ಏಳುವಾಗಲೇ ಏದುಸಿರು ಬಿಡುತ್ತಿತ್ತು. ಎದ್ದ ಮೇಲೆ ಅಪ್‌ಡೇಟ್ ಅಂತ ತನ್ನ ಕೆಲಸದಲ್ಲಿ ತಾನು ಮುಳುಗುತ್ತಿತ್ತು.

ಮೊದಲ ದಿನವೇ ಒಬ್ಬ ಅಜ್ಜಿ ಬಂದು ತಮ್ಮೂರಿನ ಬಸ್ ಹೋಯಿತೇ ಎಂದು ಕೇಳಿದರು. ಅಣ್ಣ "ಇನ್ನೂ ಇದೆ, ಬೇಗ ಹೋಗಿ" ಎಂದು ಬರೆದ. ಲ್ಯಾಪ್‌ಟಾಪ್ ಪೆಟ್ಟಿಗೆ ಯೋಚಿಸಿತು. ಯೋಚಿಸುತ್ತಲೇ ಇತ್ತು. ಅದು "ಇನ್ನೂ ಇದೆ" ಎನ್ನುವಷ್ಟರಲ್ಲಿ ಬಸ್ಸು ಗೇಟು ದಾಟಿತ್ತು.

"ನಿನ್ನ ಪೆಟ್ಟಿಗೆಗಿಂತ ಬಸ್ಸೇ ವಾಸಿ ಕಣಪ್ಪ, ಹೇಳದೆ ಕೇಳದೆ ಆದ್ರೂ ಹೊರಟೋಯ್ತು" ಎಂದರು ಅಜ್ಜಿ.

ಸೂಪರ್‌ವೈಸರ್ ಅಣ್ಣನ ಹೆಗಲ ಮೇಲೆ ಕೈಯಿಟ್ಟು, "ಸೋಮವಾರ ಇನ್ನೊಂದ್ಸಲ ನೋಡೋಣ. ಆಗ್ಲಿಲ್ಲ ಅಂದ್ರೆ ಲಗೇಜ್ ಕೋಣೆಗೆ ಬಾ. ಅಲ್ಲಿ ಮಾತಾಡೋ ಅಗತ್ಯನೇ ಇಲ್ಲ" ಎಂದರಂತೆ. ಅವರು ಹೇಳಿದ್ದು ಕರುಣೆಯಿಂದಲೇ. ಆದರೆ ಆ ಕೊನೆಯ ಮಾತು ಅಣ್ಣನಿಗೆ ಮುಳ್ಳಿನಂತೆ ನಾಟಿತು. ಮನೆಗೆ ಬಂದವನು ಲ್ಯಾಪ್‌ಟಾಪ್ ಮುಚ್ಚಿ ಗೋಡೆಗೆ ಮುಖ ಮಾಡಿ ಮಲಗಿದ. ಮೇಜು ತಟ್ಟುವುದನ್ನೂ ಬಿಟ್ಟ.

ಅತ್ತಿಗೆ ಗುಂಡಿ ಹೊಲಿಯುತ್ತಾ ಫೋನಿನಲ್ಲಿ ಏನೇನೋ ಕೇಳಿಸಿಕೊಳ್ಳತೊಡಗಿದಳು.

"ಲಿನಕ್ಸ್ ಅಂತ ಇದೆಯಂತೆ ಕಣೇ. ಕಂಪ್ಯೂಟರ್ ನಡೆಸೋ ವ್ಯವಸ್ಥೆನೇ, ಆದ್ರೆ ಹಗುರ. ಬಡಕಲು ಮಷಿನ್ನೂ ಅದನ್ನ ಹೊತ್ಕೊಳ್ಳತ್ತಂತೆ. ದುಡ್ಡೂ ಕೇಳಲ್ಲ."

"ಪುಕ್ಕಟೆ ಅಂದ್ರೆ ಏನೋ ಐಬು ಇರತ್ತೆ ಅತ್ತಿಗೆ."

"ಗಾಳಿನೂ ಪುಕ್ಕಟೆ. ನೀನು ಉಸಿರಾಡೋದು ಬಿಟ್ಟಿದ್ದೀಯಾ?"



ಶನಿವಾರ ಮಧ್ಯಾಹ್ನ ಅವಳು ಪೆನ್‌ಡ್ರೈವಿಗೆ ಆ ಲಿನಕ್ಸನ್ನು ತುಂಬಿಸಿಕೊಂಡು ಬಂದಳು. ಲ್ಯಾಪ್‌ಟಾಪಿನಲ್ಲಿರುವುದನ್ನು ಮುಟ್ಟದೆ, ಪೆನ್‌ಡ್ರೈವಿನಿಂದಲೇ ನಡೆಸಿ ನೋಡಬಹುದು ಎಂದು ತಿಳಿದಾಗ ಅವಳ ಮುಖ ಅರಳಿದ್ದು ನೋಡಬೇಕಿತ್ತು.

"ನೋಡೇ, ಇವರೂ ನಮ್ಮವರೇ. ಕಚ್ಚಾ ಹೊಲಿಗೆ ಹಾಕ್ತಾರೆ!"

ಹೊಲಿಗೆ ಮಷಿನ್ನಿನ ಮೇಲೆಯೇ ಲ್ಯಾಪ್‌ಟಾಪ್ ಇಟ್ಟು ಒಂದೊಂದಾಗಿ ನೋಡಿದಳು. ಕನ್ನಡ ಅಕ್ಷರ ಮೂಡುತ್ತಿದೆಯೇ, ಬೆರಳು ಸವರಿದರೆ ಪರದೆಯ ಬಾಣ ಓಡುತ್ತಿದೆಯೇ, ನೆಟ್ ಸಿಗುತ್ತಿದೆಯೇ, ಬ್ಯಾಟರಿ ತೋರಿಸುತ್ತಿದೆಯೇ. ಅದೇ ಕೋಣೆಯ ಮಂಚದ ಮೇಲೆ ಅಣ್ಣ, ಆಸ್ಪತ್ರೆಯಿಂದ ಬಂದ ಮೇಲೆ ಮೊದಲ ಸಲ, ಗಾಢವಾಗಿ ನಿದ್ದೆ ಹೋಗಿದ್ದ. ಅವನಿಗೆ ಎಚ್ಚರವಾಗಬಾರದೆಂದು ಅತ್ತಿಗೆ ಎಲ್ಲಕ್ಕಿಂತ ಮೊದಲು ಲ್ಯಾಪ್‌ಟಾಪಿನ ದನಿಯನ್ನು ಪೂರ್ತಿ ಇಳಿಸಿಬಿಟ್ಟಿದ್ದಳು.

ಎಲ್ಲ ಸರಿಯಿತ್ತು. ಹಳೆಯದನ್ನೆಲ್ಲ ಅಳಿಸಿ ಇದನ್ನೇ ಕೂರಿಸಲೇ ಎಂದು ಪರದೆ ಕೇಳಿತು. ಅವಳು ಕತ್ತರಿ ಹಿಡಿದಾಗಿನಂತೆ ಒಂದು ಗಳಿಗೆ ನಿಂತು, ಒತ್ತಿದಳು.

ಲ್ಯಾಪ್‌ಟಾಪ್ ಹೊಸ ಜೀವ ಬಂದಂತೆ ಎದ್ದಿತು. ಒತ್ತಿದ್ದೇ ತಡ, ತೆರೆಯುತ್ತಿತ್ತು. ಅಷ್ಟರಲ್ಲಿ ಅಣ್ಣನೂ ಎದ್ದ. ಕುತೂಹಲ ತಡೆಯದೆ ಕೂತು "ನಮಸ್ಕಾರ" ಎಂದು ಬರೆದ. ಅಕ್ಷರ ಬಂತು. ದನಿ ಬರಲಿಲ್ಲ. ಅತ್ತಿಗೆ ದನಿ ಏರಿಸಿದಳು. ಆಗಲೂ ಬರಲಿಲ್ಲ. ಸೆಟ್ಟಿಂಗಿಗೆ ಹೋಗಿ ನೋಡಿದರೆ, ಸ್ಪೀಕರ್ ಇರಬೇಕಾದ ಕಡೆ "ಡಮ್ಮಿ ಔಟ್‌ಪುಟ್" ಎಂದಿತ್ತು.

"ಡಮ್ಮಿ ಗೊತ್ತು ನಂಗೆ" ಎಂದಳು ಅತ್ತಿಗೆ ನಿಧಾನವಾಗಿ. "ಅಂಗಡಿ ಮುಂದೆ ನಿಲ್ಸೋ ಗೊಂಬೆ. ಬಟ್ಟೆ ಚೆನ್ನಾಗೇ ಒಪ್ಪತ್ತೆ. ಮಾತಾಡಲ್ಲ." ಆಮೇಲೆ ನನ್ನ ಕಡೆ ತಿರುಗಿದಳು. "ಯಾವುದಕ್ಕೋಸ್ಕರ ಇಷ್ಟೆಲ್ಲ ಮಾಡಿದ್ನೋ, ಅದೊಂದನ್ನೇ ತೊಡಿಸಿ ನೋಡ್ಲಿಲ್ಲವಲ್ಲೇ!"

ಹಳೆಯದು ಅಳಿಸಿಹೋಗಿತ್ತು. ಬಿಚ್ಚುವಂತಿರಲಿಲ್ಲ. ಅವಳ ಕಣ್ಣು ತುಂಬಿತು. ಆಗ ಅಣ್ಣ ಮೇಜು ತಟ್ಟಿದ. ನಾಲ್ಕಾರು ದಿನದ ಮೇಲೆ ಕೇಳಿದ ಸದ್ದು ಅದು. ಪರದೆಯ ಮೇಲೆ ಬರೆದಿದ್ದ: "ಈಗ ಮನೆಯಲ್ಲಿ ಇಬ್ಬರು ಮೂಗರು."

ಅತ್ತಿಗೆ ಅಳುತ್ತಲೇ ನಕ್ಕಳು. ಮೂಗು ಒರೆಸಿಕೊಂಡು ಫೋನು ಎತ್ತಿಕೊಂಡಳು.

ಲಿನಕ್ಸ್ ಬಳಸುವವರು ಒಬ್ಬರನ್ನೊಬ್ಬರು ಕೇಳಿ ಹೇಳುವ ಒಂದು ತಾಣವಿತ್ತು. ಅಲ್ಲಿ ತನ್ನ ಕಷ್ಟ ಬರೆದಳು. ಮೊದಲ ಉತ್ತರ, "ಬೇರೆ ಲ್ಯಾಪ್‌ಟಾಪ್ ತಗೊಳ್ಳಿ."

"ತೋಳು ಬಿಗಿ ಅಂದ್ರೆ ಬೇರೆ ಕೈ ತಗೊಳ್ಳಿ ಅಂದ ಹಾಗಾಯ್ತು" ಎಂದು ಅವಳು ಗೊಣಗಿದಳು.

ಭಾನುವಾರ ಬೆಳಗ್ಗೆ ಎರಡನೆಯ ಉತ್ತರ ಬಂತು. ಎಲ್ಲಿಯವರೋ, ಯಾರೋ. ಅವರ ಬಳಿಯೂ ಇದೇ ಲ್ಯಾಪ್‌ಟಾಪ್ ಇತ್ತಂತೆ. ಇದರ ದನಿ ಹೊರಡಿಸುವ ಚಿಪ್‌ಗೆ ಒಂದು ಸಣ್ಣ ಫೈಲು ಬೇಕು, ಪೆನ್‌ಡ್ರೈವಿನಲ್ಲಿ ಅದು ಬಂದಿರುವುದಿಲ್ಲ, ನೆಟ್‌ನಿಂದ ಹೀಗೆ ಹಾಕಿಕೊಳ್ಳಿ ಎಂದು ಒಂದು ಸಾಲು ಆಜ್ಞೆ ಬರೆದುಕೊಟ್ಟಿದ್ದರು. ಕಾಣದ ಆ ಮನುಷ್ಯನಿಗೆ ಒಳ್ಳೆಯದಾಗಲಿ ಎಂದು ನಾನು ಮನಸ್ಸಿನಲ್ಲೇ ಬೇಡಿಕೊಂಡೆ.

ನಾನು ಫೋನು ಹಿಡಿದೆ. ಅತ್ತಿಗೆ ಆಜ್ಞೆ ಬರೆಯುವ ಕಪ್ಪು ಪರದೆಯಲ್ಲಿ ಸೂಜಿಗೆ ದಾರ ಪೋಣಿಸುವಂತೆ ಒಂದೊಂದೇ ಅಕ್ಷರ ಕೂರಿಸಿದಳು. ಸಾಲುಸಾಲಾಗಿ ಏನೇನೋ ಓಡಿ ನಿಂತಿತು. ಲ್ಯಾಪ್‌ಟಾಪ್ ಮುಚ್ಚಿ ತೆರೆದಳು. ಮತ್ತೆ ಅದೇ ಡಮ್ಮಿ.

ನಾನು ದೇವರನ್ನು ನೆನೆದೆ. ಅವಳು ಮಾತ್ರ ಉತ್ತರವನ್ನು ಮತ್ತೊಮ್ಮೆ ಮೊದಲಿಂದ ಓದಿದಳು.

"ಮುಚ್ಚಿದ್ರೆ ಇದು ಬರೀ ನಿದ್ದೆ ಮಾಡತ್ತೆ ಕಣೇ, ನಿಮ್ಮಣ್ಣನ ಹಾಗೆ. ಪೂರ್ತಿ ಆರಿಸಿ ಎಬ್ಬಿಸ್ಬೇಕಂತೆ."

ಆರಿಸಿ ಎಬ್ಬಿಸಿದಳು. ಅಣ್ಣ ನಿನ್ನೆ ಬರೆದ ಸಾಲನ್ನೇ ತೆರೆದು ಗುಂಡಿ ಒತ್ತಿದ. ಮೂಗು ಹಿಡಿದುಕೊಂಡು ಮಾತಾಡಿದಂಥ ಒಂದು ದನಿ ಕೋಣೆಯಲ್ಲಿ ಗಟ್ಟಿಯಾಗಿ ಕೂಗಿತು:

"ಈಗ ಮನೆಯಲ್ಲಿ ಇಬ್ಬರು ಮೂಗರು!"

ನಾವು ಬಿದ್ದು ಬಿದ್ದು ನಕ್ಕೆವು. ದನಿಯಿಲ್ಲದ ಅಣ್ಣನ ಭುಜ ಕುಣಿಯುತ್ತಿತ್ತು.

ಅಲ್ಲಿಂದ ಸಂಜೆಯವರೆಗೆ ಅವರಿಬ್ಬರೂ ತಲೆ ಎತ್ತಲಿಲ್ಲ. ದನಿಯ ಕೀಚಲು ಇಳಿಸಿದರು, ವೇಗ ಹೊಂದಿಸಿದರು. ಕೌಂಟರಿನಲ್ಲಿ ಜನ ಕೇಳುವುದು ಹೆಚ್ಚುಕಮ್ಮಿ ಅವೇ ಪ್ರಶ್ನೆ ಎಂದು ಅಣ್ಣನಿಗೆ ಗೊತ್ತು. ಒಂದೊಂದು ಉತ್ತರವನ್ನು ಕೀಬೋರ್ಡಿನ ಒಂದೊಂದು ಗುಂಡಿಗೆ ಕಟ್ಟಿಡಲು ಈ ಲಿನಕ್ಸಿನಲ್ಲಿ ದಾರಿಯಿತ್ತು. ಅತ್ತಿಗೆ ಗುರುತಿಗೆಂದು ಚಿಂದಿ ಬಟ್ಟೆಯ ಚೂರುಗಳನ್ನು ಆ ಗುಂಡಿಗಳ ಮೇಲೆ ಅಂಟಿಸಿದಳು. ಹಸಿರು ಚೂರು, ಇನ್ನೂ ಇದೆ. ಹಳದಿ, ಈಗ ಬರುತ್ತದೆ. ನೀಲಿ, ಹೊರಟುಹೋಯಿತು. ಕೊನೆಗೆ ಅಣ್ಣ ಅವಳನ್ನು ಆಚೆ ಕಳಿಸಿ, ತಾನೇ ಒಂದು ಕೆಂಪು ಚೂರು ಅಂಟಿಸಿಕೊಂಡ. ಏನದು ಎಂದರೆ ಹೇಳಲಿಲ್ಲ.

ಸೋಮವಾರ ನಾನೂ ಹೋಗಿ ಕಂಬದ ಪಕ್ಕ ನಿಂತೆ. ಸೂಪರ್‌ವೈಸರ್ ಕೌಂಟರಿನ ಬಳಿ ಕೈಕಟ್ಟಿ ನಿಂತಿದ್ದರು. ಅಣ್ಣ ಲ್ಯಾಪ್‌ಟಾಪಿನ ವೈರನ್ನು ತನ್ನ ಹಳೆಯ ಮೈಕಿನ ಪೆಟ್ಟಿಗೆಗೆ ಸಿಕ್ಕಿಸಿದ. ಒಬ್ಬೊಬ್ಬರಾಗಿ ಜನ ಬಂದರು, ಕೇಳಿದರು, ಹೋದರು. ಯಾರೂ ಕಾಯಲಿಲ್ಲ. ಆಗ ಸಾಲಿನಲ್ಲಿ ಆ ಅಜ್ಜಿ ಕಾಣಿಸಿಕೊಂಡರು.

"ಬಸ್ ಹೋಯ್ತೇನಪ್ಪಾ? ಪೆಟ್ಟಿಗೆನ ಕೇಳ್ಬೇಡ, ನೀನೇ ಕೈ ತೋರ್ಸು..."

ಅವರ ಮಾತು ಮುಗಿಯುವ ಮೊದಲೇ ಅಣ್ಣ ಹಸಿರು ಚೂರು ಒತ್ತಿದ. "ಇನ್ನೂ ಇದೆ" ಎಂದಿತು ಪೆಟ್ಟಿಗೆ. ಅಜ್ಜಿ ಬೆಚ್ಚಿ ಹಿಂದೆ ಸರಿದರು. ಅಣ್ಣನ ಬೆರಳುಗಳು ಓಡಿದವು. ನಿಲ್ದಾಣದ ಮೂಲೆಮೂಲೆಗೂ ಕೇಳಿಸಿತು: "ನಿಧಾನಕ್ಕೆ ಹೋಗಿ ಅಜ್ಜಿ. ಡ್ರೈವರ್ ಎರಡನೇ ಟೀ ಕುಡಿಯುತ್ತಿದ್ದಾರೆ."

"ಲೇ, ಮೊದಲನೇದು ಕಣೋ!" ಎಂದು ಟೀ ಅಂಗಡಿಯಿಂದ ಡ್ರೈವರ್ ಕೂಗಿದ. ಸಾಲಿಗೆ ಸಾಲೇ ನಕ್ಕಿತು. ಅಜ್ಜಿ ಎಲ್ಲರಿಗಿಂತ ಗಟ್ಟಿಯಾಗಿ ನಕ್ಕರು.

"ಬಾಯಿ ಹೋದ್ರೂ ಬಾಯಿ ಬಡಾಯಿ ಹೋಗಿಲ್ಲ ನಿಂಗೆ" ಎಂದರು ಸೂಪರ್‌ವೈಸರ್, ಕಣ್ಣೊರೆಸಿಕೊಂಡು. "ಕೂತ್ಕೋ ಇಲ್ಲೇ. ಲಗೇಜ್ ಕೋಣೆಗೆ ಬೇರೆ ಯಾರನ್ನಾದ್ರೂ ಹುಡುಕ್ತೀನಿ."

ನಾನು ಕಂಬಕ್ಕೆ ಒರಗಿ ಕಣ್ಣು ಮುಚ್ಚಿದೆ. ಬೇಡಲು ಏನೂ ಉಳಿದಿರಲಿಲ್ಲ.

ಮಧ್ಯಾಹ್ನ ಅತ್ತಿಗೆ ಡಬ್ಬಿ ಹಿಡಿದು ಬಂದಳು. ಏನಾಯಿತೋ ಎಂಬ ಅಳುಕಿನಿಂದ ದೂರದಲ್ಲೇ ನಿಂತಳು. ಅಣ್ಣ ಅವಳನ್ನು ನೋಡಿದ. ಗಂಭೀರವಾಗಿ ಬೆನ್ನು ನೆಟ್ಟಗೆ ಮಾಡಿ ಕೂತು, ಕೆಂಪು ಚೂರು ಒತ್ತಿದ.

"ಡಬ್ಬಿ ಹಿಡಿದು ನಿಂತಿರುವ ಪ್ರಯಾಣಿಕರು ದಯವಿಟ್ಟು ಒಳಗೆ ಬರಬೇಕು."

ಅತ್ತಿಗೆ ಕೆಂಪಾದಳು. ಸೆರಗು ಮುಖಕ್ಕೆ ಹೋಯಿತು. ಓಡಿ ಬಂದು ಡಬ್ಬಿಯನ್ನು ಅವನ ಮುಂದೆ ಕುಕ್ಕಿ, "ರೀ, ದನಿ ಕಮ್ಮಿ ಮಾಡ್ರೀ, ಜನ ನೋಡ್ತಿದಾರೆ!" ಎಂದಳು.

ಅಣ್ಣ ತಲೆಯಾಡಿಸಿದ. ದನಿಯನ್ನು ಪೂರ್ತಿ ಏರಿಸಿ, ಕೆಂಪು ಚೂರನ್ನು ಇನ್ನೊಮ್ಮೆ ಒತ್ತಿದ.