ಖಾಲಿ ಬಸ್ಸು ದಾಟುವ ಸೇತುವೆ

ಜತ್ತಿನಿಂದ ತಿಕೋಂಡಿ ಕಡೆಗೆ ಹೊರಟಿದ್ದ ನಮ್ಮ ಬಸ್ಸು ಒಂದು ಹಳ್ಳದ ಸೇತುವೆಯ ಮುಂದೆ ನಿಂತಿತು. "ಎಲ್ಲಾರೂ ಇಳೀರಿ. ನಡಕೋತ ದಾಟ್ರಿ, ಆ ಕಡಿ ಹತ್ತೀರಂತ" ಎಂದ ಕಂಡಕ್ಟರ್. ಸೇತುವೆಯ ಅಂಚು ಕುಸಿದು ಕಬ್ಬಿಣದ ಸರಳುಗಳು ಹೊರಗೆ ಕಾಣುತ್ತಿದ್ದವು.

ಡ್ರೈವರ್ ಮಾತ್ರ ಇಳಿಯಲಿಲ್ಲ. ತನ್ನ ಮೊಬೈಲನ್ನು ಕಿಟಕಿಯಿಂದ ಕಂಡಕ್ಟರನ ಕೈಗೆ ಕೊಟ್ಟ. ನಡೆದು ಆಚೆ ದಡ ಸೇರಿದ ಮೇಲೆ ಅದೇಕೆಂದು ಕಂಡಕ್ಟರನನ್ನು ಕೇಳಿದೆ.

"ಹೋದ ಮಳಿಗಾಲದಾಗ ಇಲ್ಲೇ ಒಂದ ಟ್ರ್ಯಾಕ್ಟರ್ ಬಿತ್ರಿ. ಸತ್ತಾಂವನ ಫೋನೂ ನೀರಾಗ ಹೋತು. ಮನಿಯವರಿಗೆ ಸುದ್ದಿ ಮುಟ್ಟಸಾಕ ನಂಬರ ಸಿಗಲಿಲ್ಲ."

"ದುರಸ್ತಿ ಮಾಡೋದಿಲ್ಲವೇ?"

"ಕೆಲಸ ಮಂಜೂರ ಆಗೇತ್ರಿ, ನಿಧಿ ಬಂದಿಲ್ಲ. ಕೇಳಾಕ ಹೋದಾಗೊಮ್ಮಿ ಇದನ್ನ ಹೇಳ್ತಾರ."

ಬಸ್ಸು ಸೇತುವೆಯ ನಡುವೆ ಬಂದಾಗ ಆ ಫೋನು ರಿಂಗಾಯಿತು. ಡ್ರೈವರನ ಹೆಂಡತಿ, ದಿನವೂ ಇದೇ ಹೊತ್ತಿಗೆ ಮಾಡುತ್ತಾಳಂತೆ. ಕಂಡಕ್ಟರ್ ಎತ್ತಲಿಲ್ಲ. ಅವನ ಕಣ್ಣು ಬಸ್ಸಿನ ಗಾಲಿಗಳ ಮೇಲಿತ್ತು. ಕಾಂಕ್ರೀಟಿನ ತುಂಡೊಂದು ಕಳಚಿ ಹಳ್ಳಕ್ಕೆ ಬಿತ್ತು. ಹಿಂದಿನ ಗಾಲಿಗಳು ಮಣ್ಣು ಮುಟ್ಟಿದ ಮೇಲೆಯೇ ಅವನು ಮತ್ತೆ ರಿಂಗಾದ ಫೋನನ್ನು ಕಿವಿಗಿಟ್ಟ.

"ದಾಟ್ಯಾರ್ರಿ ವೈನಿ" ಎಂದ. ಆಕೆ ಏನೋ ಕೇಳಿರಬೇಕು, ದನಿ ತಗ್ಗಿಸಿದ. "ಹೂಂ ರಿ, ಸಂಜೀಕ ಮತ್ತ ಇದರ ಮ್ಯಾಲೇ ಹೊಳ್ಳಿ ಬರೂದೈತಿ."